ಮೂವತ್ತನಾಲ್ಕೇ ಇಂಚು

"ಕೈ ಎತ್ತಿ ಅತ್ತಿಗೆ," ಎಂದಳು ನಾದಿನಿ. ಅವಳು ನರ್ಸು. ನಲವತ್ತೈದು ದಾಟಿದ ಹೆಂಗಸರ ಹೊಟ್ಟೆ ಸುತ್ತಳತೆ, ಬಿಪಿ ನೋಡಿ ಬರೆದುಕೊಳ್ಳುತ್ತ ಬೀದಿಯುದ್ದಕ್ಕೂ ಬಂದವಳು, ಕಡೆಗೆ ಅತ್ತಿಗೆಯ ಹೊಲಿಗೆ ಅಂಗಡಿ ಹೊಕ್ಕಿದ್ದಳು.

"ನನಗೇ ಅಳತೆ ತಗೋತೀಯೇನೇ? ಮೂವತ್ತನಾಲ್ಕು, ಬರ್ಕೊಂಡು ಹೋಗು," ಎಂದಳು ದರ್ಜಿ, ಮಷಿನ್ನಿನಿಂದ ತಲೆ ಎತ್ತದೆ. "ಮುಟ್ಟು ನಿಂತು ನಾಲ್ಕು ವರ್ಷ ಆಯ್ತು. ಈ ವಯಸ್ಸಿಗೆ ಎಲ್ಲರೂ ಊದ್ಕೋತಾರೆ ಅಂತಾರೆ, ನಾನು ಹಾಗೇ ಇದೀನಿ. ಇಲ್ಲಿ ಬರೋರೂ ಅಷ್ಟೆ, ಒಬ್ಬೊಬ್ಬರ ಅಳತೇನೂ ಪುಸ್ತಕದಲ್ಲಿದೆ."

ನಾದಿನಿ ಬಿಡಲಿಲ್ಲ. ಎಬ್ಬಿಸಿ ನಿಲ್ಲಿಸಿ, ಹೊಟ್ಟೆಗೆ ಟೇಪು ಸುತ್ತಿದಳು. "ಮೂವತ್ತಾರೂವರೆ."

"ನಿನ್ನ ಟೇಪು ಕುಗ್ಗಿದೆ ಕಣೇ."

"ಹೊಸದು ಅತ್ತಿಗೆ, ಬೆಳಿಗ್ಗೆ ತಾನೇ ಕವರ್ ಒಡೆದಿದ್ದು."

ದರ್ಜಿ ನಕ್ಕಳು. ಕುತ್ತಿಗೆಗೆ ಹಾರದಂತೆ ಹಾಕಿಕೊಂಡಿದ್ದ ಬಟ್ಟೆ ಟೇಪನ್ನು ತೆಗೆದು ಮೇಜಿನ ಮೇಲೆ ಹಾಸಿದಳು. ಪಕ್ಕದಲ್ಲಿ ನಾದಿನಿಯ ಟೇಪು. ಎರಡರ ತುದಿ ಸೇರಿಸಿ ಮೇಲೆ ಕತ್ತರಿ ಇಟ್ಟಳು. ಐದರವರೆಗೆ ಎರಡೂ ಜೋಡಿಯಾಗೇ ಹೋದವು. ಇಪ್ಪತ್ತರಲ್ಲಿ ಒಂದೂವರೆ ಇಂಚು ಅಗಲಿದವು. ಇವಳ ಮೂವತ್ತನಾಲ್ಕು, ಅವಳ ಮೂವತ್ತಾರೂವರೆಯ ಎದುರು ಮಲಗಿತ್ತು.

ದರ್ಜಿಯ ನಗು ನಿಂತಿತು. ಹದಿನೈದು ವರ್ಷ ಎಳೆದೆಳೆದು ಅಳೆದ ಟೇಪು ಹಿಗ್ಗಿಹೋಗಿತ್ತು. ಅದರಲ್ಲೇ ಅಳೆದು ಅದರಲ್ಲೇ ಬಟ್ಟೆ ಕತ್ತರಿಸುತ್ತಿದ್ದುದರಿಂದ ಒಂದು ದಿನವೂ ಯಾವ ಅಂಗಿಯೂ ಬಿಗಿಯಾಗಲಿಲ್ಲ, ಯಾರೂ ವಾಪಸು ತರಲಿಲ್ಲ.

"ನಾನು ಬೆಳೆದ ಹಾಗೆಲ್ಲ ಇದೂ ಬೆಳೀತಾ ಬಂತಲ್ಲೇ," ಎಂದಳು ಮೆಲ್ಲಗೆ.

ನಾದಿನಿ ಅವಳನ್ನು ಕೂರಿಸಿ, ಐದು ನಿಮಿಷ ಸುಮ್ಮನಿರಿಸಿ, ತೋಳಿಗೆ ಬಿಪಿ ಪಟ್ಟಿ ಕಟ್ಟಿದಳು. ನೋಡಿದಳು. ಬಿಚ್ಚಿ ಮತ್ತೆ ಕಟ್ಟಿದಳು. "ನೂರ ಎಪ್ಪತ್ತೆಂಟು. ಕೆಳಗಿನದು ನೂರ ನಾಲ್ಕು. ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ?"

"ನಮ್ಮ ಮೆಟ್ಟಿಲು ಕಡಿದಾಗಿದೆ."

"ಎದೆ ಹಿಡಿದ ಹಾಗೆ, ತಣ್ಣಗೆ ಬೆವರಿದ ಹಾಗೆ?"

"ಮುಟ್ಟು ನಿಂತದ್ದಕ್ಕೆ ಅಂದ್ಕೊಂಡೆ. ಇಲ್ದಿದ್ರೆ ಇಸ್ತ್ರಿ ಪೆಟ್ಟಿಗೆ ಕಾವು ಅಂತ."

"ಮುಟ್ಟು ಇರೋವರೆಗೂ ಹೃದಯಕ್ಕೆ ಅದೊಂದು ಕಾವಲು ಇದ್ದ ಹಾಗೆ ಅತ್ತಿಗೆ. ಆಮೇಲೆ ಕೊಬ್ಬೆಲ್ಲ ಹೊಟ್ಟೆಗೆ ಸೇರುತ್ತೆ, ಬಿಪಿ, ಸಕ್ಕರೆ ಎಲ್ಲ ಏರುತ್ತೆ. ಏಳಿ, ಈಗ್ಲೇ ಡಾಕ್ಟರ ಹತ್ರ ಹೋಗೋಣ. ಹೊಲಿಗೆ ಹಾಳಾಗಿ ಹೋಗ್ಲಿ."

ದರ್ಜಿ ಏಳಲಿಲ್ಲ. ಅಳತೆ ಪುಸ್ತಕದ ಮೇಲೆ ಅವಳ ಕಣ್ಣು ನಟ್ಟಿತ್ತು. ಅದರ ತುಂಬ ಅವಳ ವಯಸ್ಸಿನ ಹೆಂಗಸರು. 'ಏನೂ ದಪ್ಪಗಾಗಿಲ್ಲ ಕಣ್ರೀ, ಹೋದ ವರ್ಷದಷ್ಟೇ ಇದೀರ' ಎಂದು ಎಷ್ಟು ಜನರಿಗೆ ಹೇಳಿ, ನಗಿಸಿ ಕಳಿಸಿದ್ದಳೋ.

ಅಷ್ಟರಲ್ಲಿ ಎದುರುಮನೆಯವಳು ಬಟ್ಟೆ ಹಿಡಿದು ಬಂದಳು. ಹೊಸ್ತಿಲಲ್ಲೇ ನಿಂತು ಬಾಗಿಲ ಚೌಕಟ್ಟು ಹಿಡಿದು, ಮೂರು ಸಲ ಉಸಿರು ಎಳೆದುಕೊಂಡು ನಕ್ಕಳು. "ಅಳತೆ ಏನೂ ಬೇಡ ಅಲ್ವೇನಕ್ಕಾ? ಹೋದ ವರ್ಷದಷ್ಟೇ ಇದೀನಲ್ಲ?"

ಅಭ್ಯಾಸಬಲದಿಂದ ದರ್ಜಿಯ ಕೈ ಟೇಪಿಗೆಂದು ಕುತ್ತಿಗೆಗೆ ಹೋಯಿತು. ಅಲ್ಲಿ ಟೇಪು ಇರಲಿಲ್ಲ. ಬೆರಳ ಕೆಳಗೆ ನಾಡಿ ಮಾತ್ರ ಧಡಧಡನೆ ಹೊಡೆದುಕೊಳ್ಳುತ್ತಿತ್ತು.