ಕೊಕ್ಕೆಗೆ ತೂಗಿದ ಭಾರ

"ಅಲ್ಲಾಡ್ಬೇಡ, ನಿನ್ ದಮ್ಮಯ್ಯ!" ಎಂದು ಹಲ್ಲಿನ ಡಾಕ್ಟರಮ್ಮ ಗೋಗರೆದದ್ದು ತನ್ನ ಕ್ಯಾಮೆರಾದ ಮೂರುಕಾಲಿನ ಸ್ಟ್ಯಾಂಡಿಗೆ. ಕಡಲಂಚಿನ ಬಂಡೆಯ ಮೇಲೆ ಗಾಳಿ ಅದನ್ನು ಗಡಗಡ ನಡುಗಿಸುತ್ತಿತ್ತು. ಮೋಡ ಸೀಳಿಕೊಂಡು ಅಪರೂಪದ ಬೆಳಕೊಂದು ಆಗಷ್ಟೇ ನೀರಿಗಿಳಿದಿತ್ತು. ಫೋಟೋ ತೆಗೆಯಲು ಕಲಿಯುವವರ ತಂಡವನ್ನು ಕರೆತಂದಿದ್ದ ಮೇಷ್ಟ್ರು ಎಷ್ಟೋ ವರ್ಷಗಳಿಂದ ಅದಕ್ಕೇ ಹೊಂಚುಹಾಕಿದ್ದರಂತೆ. ಡಾಕ್ಟರಮ್ಮನದೋ, ಪ್ರವಾಸದುದ್ದಕ್ಕೂ ತೆಗೆದ ಪಟಗಳೆಲ್ಲ ಮಸುಕು.

"ಹಲ್ಲು ಕೀಳುವಾಗ ನಿಮ್ ಕೈ ನಡುಗಲ್ಲ, ಪಾಪ, ಸ್ಟ್ಯಾಂಡಿಗೆ ಅಷ್ಟು ಧೈರ್ಯ ಎಲ್ಲಿಂದ ಬರ್ಬೇಕು?" ಎನ್ನುತ್ತ ಮೇಷ್ಟ್ರು ಬಂದರು. ಹೆಗಲಿನ ಭಾರದ ಚೀಲವನ್ನು ಸ್ಟ್ಯಾಂಡಿನ ನಡುವಿನ ಕೊಕ್ಕೆಗೆ ತೂಗುಹಾಕಿ, ಅದು ಓಲಾಡದಂತೆ ಎರಡೂ ಕೈಯಲ್ಲಿ ಹಿಡಿದು ಕುಕ್ಕರುಗಾಲಲ್ಲಿ ಕೂತರು. ಸ್ಟ್ಯಾಂಡು ಬೇರುಬಿಟ್ಟಂತೆ ನಿಂತಿತು. ಅವಳು ಉಸಿರು ಬಿಗಿಹಿಡಿದು ಗುಂಡಿ ಒತ್ತಿದಳು, ಮತ್ತೆ ಮತ್ತೆ ಒತ್ತಿದಳು.

ಮೋಡ ಮುಚ್ಚಿಕೊಂಡಿತು. ಕ್ಯಾಮೆರಾದ ಪರದೆಯ ಮೇಲೆ ಬಂಡೆಯ ಒಂದೊಂದು ಬಿರುಕೂ ಕಣ್ಣಿಗೆ ಕಟ್ಟುವಂತೆ ಮೂಡಿತ್ತು. ಅವಳಿಗೆ ಹಿಗ್ಗೋ ಹಿಗ್ಗು. "ಮೇಷ್ಟ್ರೇ, ನಿಮ್ದು ಹೇಗ್ ಬಂತು? ತೋರ್ಸಿ!"

ಮೇಷ್ಟ್ರು ಕೊಕ್ಕೆಯಿಂದ ಚೀಲ ಬಿಡಿಸಿ ಜಿಪ್ ಎಳೆದರು. ಅವರ ಕ್ಯಾಮೆರಾ ಲೆನ್ಸಿನ ಮುಚ್ಚಳವೂ ಕಳಚದೆ ಒಳಗೆ ಬೆಚ್ಚಗೆ ಮಲಗಿತ್ತು.

"ನಿಮ್ದನ್ನೇ ಇನ್ನೊಂದ್ಸಲ ತೋರ್ಸಿ," ಎಂದು ಅವರು ಅವಳ ಪರದೆಯತ್ತ ಬಾಗಿದರು.