ದೊಡ್ಡಮ್ಮನ ಎಡಗಣ್ಣು

ಸ್ಪಿರಿಟ್ ವಾಸನೆ ಬಂದರೆ ಇವತ್ತಿಗೂ ನನಗೆ ದೊಡ್ಡಮ್ಮನ ಜೊತೆ ಬಲ್ಮಠದ ಕಣ್ಣಿನ ಆಸ್ಪತ್ರೆಗೆ ಹೋದ ಮಧ್ಯಾಹ್ನ ನೆನಪಾಗುತ್ತದೆ.

ದೊಡ್ಡಪ್ಪ ಮಸ್ಕತ್‌ನಲ್ಲಿದ್ದರು. ಜೊತೆಗೆ ಹೋಗಲು ಇದ್ದದ್ದು ಮೂರನೇ ಕ್ಲಾಸಿನ ನಾನೊಬ್ಬಳೇ. ದೊಡ್ಡಮ್ಮನ ಎಡಗಣ್ಣು ಕಾಣದೆ ವರ್ಷಗಳಾಗಿದ್ದವು. ಡಾಕ್ಟರು ಯಂತ್ರದಲ್ಲಿ ಅದನ್ನು ನೋಡಿದವರೇ ವಿದ್ಯಾರ್ಥಿಗಳನ್ನೆಲ್ಲ ಕರೆದರು. ಅವರು ಒಬ್ಬೊಬ್ಬರಾಗಿ ಬಗ್ಗಿ ನೋಡಿ, "ಎಷ್ಟು ಚಂದ ಉಂಟು!" ಎಂದರು. ಯಂತ್ರದ ತಣ್ಣಗಿನ ಪಟ್ಟಿಗೆ ಹಣೆ ಒತ್ತಿ ಕೂತಿದ್ದ ದೊಡ್ಡಮ್ಮ ಕೇಳಿದರು, "ಎಂತ ಉಂಟು ಡಾಕ್ಟ್ರೇ?"

ಡಾಕ್ಟರು ನನಗೂ ತೋರಿಸಿದರು. ಕಪ್ಪು ನೀರಿನಲ್ಲಿ ಚಿನ್ನದ ಪುಡಿ ತೇಲಿದ ಹಾಗಿತ್ತು.

"ಕೊಲೆಸ್ಟ್ರಾಲ್ ಹರಳು ಇದು. ಕಣ್ಣಿನ ಒಳಪರದೆ ಕಳಚಿ ತುಂಬ ವರ್ಷ ಆದ್ರೆ ಅಪರೂಪಕ್ಕೆ ಹೀಗಾಗ್ತದೆ. ಇನ್ನು ದೃಷ್ಟಿ ಬರುವುದಿಲ್ಲಮ್ಮ. ಆಗಲೇ ಯಾಕೆ ಬರಲಿಲ್ಲ ನೀವು?"

"ಯಾರ ಹತ್ರ ಹೇಳುವುದು ಅಂತ ಗೊತ್ತಾಗ್ಲಿಲ್ಲ," ಎಂದರು ದೊಡ್ಡಮ್ಮ ಮೆಲ್ಲಗೆ.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅವರ ಎಡಕ್ಕೆ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಅವರ ಕೈ ಸೀಟನ್ನು ತಡವುತ್ತ ಬಂದು ನನ್ನ ಮೊಣಕಾಲಿಗೆ ತಾಗಿತು.

"ಇದ್ದೀಯಲ್ಲ ಮಗಾ?"

"ಇದ್ದೇನೆ ದೊಡ್ಡಮ್ಮ."

ನಾವು ಇಳಿಯಬೇಕಿದ್ದ ಉರ್ವ ಬರುವವರೆಗೂ ಅವರು ಆ ಕೈ ತೆಗೆಯಲಿಲ್ಲ.