ತುಂಡುಬಟ್ಟೆಯ ಪರದೆ

ದೊಡ್ಡಕ್ಕ ಹೊಲಿಗೆ ಯಂತ್ರದ ತಲೆಯನ್ನು ಮೇಜಿನಿಂದ ಬಿಚ್ಚಿ ಹಳೆಯ ಕಂಬಳಿಯಲ್ಲಿ ಸುತ್ತುತ್ತಿದ್ದಾಗ, ವಿಶ್ವವಿದ್ಯಾಲಯದ ಸಂಶೋಧಕಿ ಬಾಗಿಲಲ್ಲಿ ಕಾಣಿಸಿಕೊಂಡಳು. ಮುಖದ ತುಂಬ ನಗು.

"ಅಕ್ಕಾ, ಎಲ್ಲರ ಬಾಯಲ್ಲೂ ನಿಮ್ಮಿಬ್ಬರ ಫೋಟೋದ್ದೇ ಮಾತು! ಪ್ರದರ್ಶನಕ್ಕೆ ಊರಿಗೆ ಊರೇ ಬಂದಿತ್ತು. ನಮ್ಮ ಯೂನಿವರ್ಸಿಟಿ ಗೇಟು ನಗರದ ಜನಕ್ಕೆ ತೆರೀಬೇಕು ಅಂತ ತಾನೇ ನಾವು ಹೊರಟಿದ್ದು?"

"ತೆರೀತಲ್ಲ," ಎಂದಳು ದೊಡ್ಡಕ್ಕ, ತಲೆಯೆತ್ತದೆ. "ನಮ್ಮ ಓನರಮ್ಮನೂ ಬಂದಿದ್ರು."

ದೊಡ್ಡಕ್ಕ, ಚಿಕ್ಕಕ್ಕ ಎಂಬ ಹೆಸರುಗಳನ್ನು ಕೊಟ್ಟದ್ದು ಬೀದಿ. ಅಕ್ಕತಂಗಿಯರೆಂದು ತಾನೇ ತಿಳಿದುಕೊಂಡಿತ್ತು. ಇಬ್ಬರೂ ಅಲ್ಲವೆನ್ನಲಿಲ್ಲ. ತಾವು ಒಬ್ಬರಿಗೊಬ್ಬರು ಏನೆಂಬುದನ್ನು ಬಾಯಿಬಿಟ್ಟು ಹೇಳಿದ್ದು ಈ ಹುಡುಗಿಯೊಬ್ಬಳಿಗೇ. ಹೆಣ್ಣಾಗಿರುವುದು, ಬಡವರಾಗಿರುವುದು, ಹೇಳಿಕೊಳ್ಳಲಾಗದಂತೆ ಪ್ರೀತಿಸುವುದು, ಇವು ಒಂದರ ಮೇಲೊಂದು ಹೇಗೆ ಭಾರ ಹೇರುತ್ತವೆ ಎಂಬುದೇ ಅವಳ ಅಧ್ಯಯನದ ವಿಷಯವಾಗಿತ್ತು.

ಸಂಶೋಧಕಿಯ ಕಣ್ಣು ಆಗ ಗಂಟುಮೂಟೆಗಳ ಮೇಲೆ ಬಿತ್ತು. "ಆದ್ರೆ ಮುಖ ಮಸುಕು ಮಾಡಿದ್ವಲ್ಲ ಅಕ್ಕಾ! ಹೆಸರೂ ಹಾಕಿಲ್ಲ. ನಮ್ಮ ಎಥಿಕ್ಸ್ ಕಮಿಟಿನೂ ನೋಡಿ ಒಪ್ಪಿದೆ."

"ಮುಖ ಏನೋ ನೀನು ಮಸುಕು ಮಾಡಿದೆ. ಹಿಂದಿನ ಪರದೆ?" ದೊಡ್ಡಕ್ಕ ಕಿಟಕಿಯತ್ತ ಗದ್ದ ಎತ್ತಿ ತೋರಿಸಿದಳು. "ಚೆಂದ ಇದೆ ಅಂತ ಅದನ್ನ ನೀನು ಹಾಗೇ ಬಿಟ್ಟೆ. ಈ ಬೀದಿಯವರ ಬಟ್ಟೆ ಹೊಲಿದು ಉಳಿದ ತುಂಡೆಲ್ಲ ಅದರಲ್ಲಿದೆ. ಆ ಹಳದಿ ಹೂವು ಓನರಮ್ಮನ ಮಗಳ ಫ್ರಾಕಿಂದು. ನೀಲಿ ಪಟ್ಟೆ ಎದುರುಮನೆ ಮೇಷ್ಟ್ರ ಶರ್ಟು. ಅವರವರ ಬಟ್ಟೆ ಅವರಿಗೆ ಗೊತ್ತಾಗಲ್ವೇನಮ್ಮ? ಕೆಳಗೆ ದಪ್ಪಕ್ಷರದಲ್ಲಿ 'ನಗರದ ಒಲವಿನ ಜೋಡಿಗಳು' ಅಂತ ಬೇರೆ."

ಒಳಗಿನಿಂದ ಪಾತ್ರೆಗಳ ಸದ್ದಿನೊಂದಿಗೆ ಚಿಕ್ಕಕ್ಕನ ದನಿ ಬಂತು. "ನಿನ್ನೆವರೆಗೂ ಓನರಮ್ಮ 'ಚಿಕ್ಕಕ್ಕಾ, ಒಂಚೂರು ಮಗೂನ ನೋಡ್ಕೋ' ಅಂತಿದ್ರು. ಇವತ್ತು, 'ಏನ್ರೀ, ಸಂಜೆಯೊಳಗೆ ಮನೆ ಖಾಲಿ ಮಾಡ್ರಿ.' ನೋಡು, ಒಂದೇ ರಾತ್ರೀಲಿ ಎಷ್ಟು ಮರ್ಯಾದೆ ಬಂದುಬಿಡ್ತು ನಮಗೆ!"

"ನಾನು ಅವರ ಹತ್ರ ಮಾತಾಡ್ತೀನಿ. ಹೀಗೆಲ್ಲ ಹೊರಗೆ ಹಾಕೋ ಹಾಗಿಲ್ಲ..."

"ಮಾತಾಡು," ಎಂದಳು ದೊಡ್ಡಕ್ಕ. "ಅಲ್ಲೀವರೆಗೆ ಎಲ್ಲಿರೋಣ, ನಿಮ್ಮ ಗೇಟಿನ ಹತ್ರಾನಾ?"

ಹುಡುಗಿಯ ಕಣ್ಣು ತುಂಬಿದ್ದು ಸುಳ್ಳೇನೂ ಅಲ್ಲವೆಂದು ದೊಡ್ಡಕ್ಕನಿಗೆ ತಿಳಿಯಿತು. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

"ಬಂದಿದ್ದು ಯಾಕೆ, ಅದನ್ನಾದ್ರೂ ಹೇಳು."

"ಬೇಡ ಬಿಡಿ, ಅಕ್ಕಾ... ಪ್ರದರ್ಶನ ಮುಂದುವರಿಸ್ತಿದಾರೆ. ಫೋಟೋ ಪಕ್ಕದಲ್ಲಿ ನಿಜವಾದ ಪರದೇನೇ ತೂಗು ಹಾಕಬಹುದಾ ಅಂತ ಕೇಳೋಕೆ ಬಂದೆ."

ದೊಡ್ಡಕ್ಕ ಸ್ಟೂಲು ಎಳೆದು ಹತ್ತಿದಳು. ಪರದೆಯನ್ನು ಸರಳಿನಿಂದ ಕಳಚಿ, ಅಂಚಿಗೆ ಅಂಚು ಕೂಡಿಸಿ ಮಡಿಸಿ, ಅವಳ ಕೈಯಲ್ಲಿಟ್ಟಳು.

"ತಗೊಂಡು ಹೋಗು. ಅದಕ್ಕಾದ್ರೂ ಒಂದು ಗೋಡೆ ಇರಲಿ."

ಬರಿದಾದ ಕಿಟಕಿಯಿಂದ ಬೆಳಕು ನುಗ್ಗಿತು. ಎದುರುಮನೆಯ ಮಹಡಿಯಲ್ಲಿ ಬೀದಿಯ ಮುಖಗಳೆಲ್ಲ ಸಾಲಾಗಿ ನಿಂತು ಇತ್ತಲೇ ನೋಡುತ್ತಿದ್ದವು. ಒಂದೂ ಮಸುಕಾಗಿರಲಿಲ್ಲ.